ಆಕಾಶದಿಂದ ಅಳತೆ: ನದಿ, ಕಾರ್ಖಾನೆ ಮತ್ತು ಕರಾರುಗಳ ಪರಿಶೀಲನೆಗೆ ತಕ್ಕ ಕ್ಯಾಮೆರಾ ಯಾವುದು?

ನಂಜನಗೂಡು ಹಾಗೂ ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಉದ್ಯಮಿಗಳಿಗೆ ಕಪಿಲಾ ನದಿಯು ಕೇವಲ ನೀರಿನ ಮೂಲವಲ್ಲ. ಅದು ಹೊಣೆಗಾರಿಕೆಯ ಬಾಬ್ತೂ ಹೌದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2018ರಲ್ಲಿ ದೇಶದ 351 ನದಿಭಾಗಗಳನ್ನು ಕಲುಷಿತವೆಂದು ಗುರುತಿಸಿತು. ಅವುಗಳಲ್ಲಿ 17 ಕರ್ನಾಟಕದವು. ನಂಜನಗೂಡಿನಿಂದ ಹೆಜ್ಜಿಗೆಯವರೆಗಿನ ಕಬಿನಿಯ ಭಾಗವೂ ಆ ಪಟ್ಟಿಯಲ್ಲಿ ಸೇರಿತ್ತು. ಲೀಟರೊಂದಕ್ಕೆ 3 ಮಿಲಿಗ್ರಾಂ ಮೀರಿದ ಜೈವಿಕ ಆಮ್ಲಜನಕ ಬೇಡಿಕೆ, ಅಂದರೆ ಬಿಒಡಿ, ಆ ಪಟ್ಟಿಗೆ ಮಾನದಂಡವಾಗಿತ್ತು. ಇದರ ಬೆನ್ನಿಗೇ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಇಂತಹ ಎಲ್ಲ ನದಿಭಾಗಗಳ ಪುನಶ್ಚೇತನದ ಮೇಲ್ವಿಚಾರಣೆಯನ್ನು ಕೈಗೆತ್ತಿಕೊಂಡಿತು.

ಈ ಹಿನ್ನೆಲೆಯಲ್ಲಿ ಡ್ರೋನ್ ಸಮೀಕ್ಷೆ ನಡೆಸಿಕೊಡುವ ಸಂಸ್ಥೆಗಳು ಕೈಗಾರಿಕಾ ಪ್ರದೇಶಗಳ ಬಾಗಿಲು ತಟ್ಟುತ್ತಿರುವುದು ಸಹಜವೇ. ಬಣ್ಣದ ಚಿತ್ರ, ಉಷ್ಣ ಚಿತ್ರ, ಮಲ್ಟಿಸ್ಪೆಕ್ಟ್ರಲ್, ಹೈಪರ್‌ಸ್ಪೆಕ್ಟ್ರಲ್, ಲೈಡಾರ್, ರೇಡಾರ್ ಎಂದು ಅವರ ದರಪಟ್ಟಿಗಳಲ್ಲಿ ಹೆಸರುಗಳು ಸಾಲುಗಟ್ಟಿರುತ್ತವೆ. ಇವುಗಳಲ್ಲಿ ಯಾವುದು ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ, ಯಾವುದು ಕೊಡಲಾರದು ಎಂಬುದನ್ನು ತಿಳಿಯದೆ ಹಣ ತೆತ್ತರೆ ಅಂದವಾದ ನಕ್ಷೆಯೊಂದು ದೊರೆತೀತೇ ಹೊರತು, ಮಂಡಳಿಯ ಮುಂದೆಯಾಗಲಿ ನ್ಯಾಯಾಲಯದ ಮುಂದೆಯಾಗಲಿ ನಿಲ್ಲುವ ಪುರಾವೆ ದೊರೆಯದು. ಆದ್ದರಿಂದ ಈ ವಿಷಯವನ್ನು ಖರ್ಚು ಮತ್ತು ಪುರಾವೆ ಎಂಬ ಎರಡು ದೃಷ್ಟಿಗಳಿಂದ ಇಲ್ಲಿ ವಿವರಿಸಲು ಯತ್ನಿಸಲಾಗಿದೆ.

ಮೊದಲು ಪ್ರಶ್ನೆ, ಆಮೇಲೆ ಕ್ಯಾಮೆರಾ

ಕ್ಯಾಮೆರಾದ ಆಯ್ಕೆಯು ಪ್ರಶ್ನೆಯಿಂದ ಆರಂಭವಾಗಬೇಕು ಎಂಬುದಕ್ಕೆ ನಮ್ಮ ಕಾವೇರಿಯ ಇತಿಹಾಸದಲ್ಲೇ ಉತ್ತಮ ನಿದರ್ಶನವಿದೆ. ಮೈಸೂರು ಸಂಸ್ಥಾನ ಮತ್ತು ಮದರಾಸು ಪ್ರಾಂತ್ಯದ ನಡುವೆ 1924ರಲ್ಲಿ ಆದ ಒಪ್ಪಂದವು ಎರಡು ಬಗೆಯ ಮಿತಿಗಳನ್ನು ಹೇಳಿತ್ತು. ಮೊದಲನೆಯದು ಜಲಾಶಯದ ಸಾಮರ್ಥ್ಯ: ಕೃಷ್ಣರಾಜಸಾಗರಕ್ಕೆ 44.827 ಟಿಎಂಸಿ, ಮೆಟ್ಟೂರಿಗೆ 93.5 ಟಿಎಂಸಿ. ಎರಡನೆಯದು ಹೊಸ ನೀರಾವರಿಯ ವಿಸ್ತೀರ್ಣ: ಕೃಷ್ಣರಾಜಸಾಗರದಡಿ 1,25,000 ಎಕರೆ, ಮೆಟ್ಟೂರಿನಡಿ 3,01,000 ಎಕರೆ. ಮುಂದೆ 1990ರಲ್ಲಿ ರಚಿತವಾದ ಕಾವೇರಿ ಜಲವಿವಾದ ನ್ಯಾಯಮಂಡಳಿಯು 1991ರ ಮಧ್ಯಂತರ ಆದೇಶದಲ್ಲಿ ವರ್ಷಕ್ಕೆ 205 ಟಿಎಂಸಿ ನೀರು ಬಿಡುವಂತೆ ಹೇಳಿದ್ದಲ್ಲದೆ, ಕರ್ನಾಟಕವು ತನ್ನ ಕಾವೇರಿ ನೀರಾವರಿಯನ್ನು ಅಂದಿದ್ದ 11.2 ಲಕ್ಷ ಎಕರೆಗಿಂತ ಹೆಚ್ಚಿಸಬಾರದೆಂದೂ ವಿಧಿಸಿತು.

ಈ ಎರಡು ಷರತ್ತುಗಳನ್ನು ಪರಿಶೀಲಿಸುವ ಬಗೆ ಒಂದೇ ಅಲ್ಲ. ಎಕರೆಯ ಲೆಕ್ಕವನ್ನು ಆಕಾಶದಿಂದ ತೆಗೆದ ಚಿತ್ರದಲ್ಲಿ ಮಾಡಬಹುದು. ಹರಿದುಹೋದ ನೀರಿನ ಲೆಕ್ಕವನ್ನು ಚಿತ್ರದಲ್ಲಿ ಮಾಡಲಾಗದು; ಅದಕ್ಕೆ ಮಾಪನ ಕೇಂದ್ರ ಬೇಕು. ಅದರಿಂದಲೇ ಅಂತರರಾಜ್ಯ ಲೆಕ್ಕವನ್ನು ಇಂದಿಗೂ ಕೇಂದ್ರ ಜಲ ಆಯೋಗದ ಬಿಳಿಗುಂಡ್ಲು ಮಾಪನ ಕೇಂದ್ರದಲ್ಲಿ ಹಿಡಿಯಲಾಗುತ್ತದೆ. ಸರ್ವೋಚ್ಚ ನ್ಯಾಯಾಲಯವು 2018ರ ಫೆಬ್ರವರಿ 16ರ ತೀರ್ಪಿನಲ್ಲಿ ನಿಗದಿಪಡಿಸಿದ 177.25 ಟಿಎಂಸಿ ನೀರಿಗೂ ಅದೇ ಅಳತೆಗೋಲು. ಕಬಿನಿಯ ಹರಿವನ್ನು ಅಳೆಯುವ ಆಯೋಗದ ಕೇಂದ್ರವೊಂದು ತಿ. ನರಸೀಪುರದಲ್ಲಿಯೇ ಇದೆ.

ಎಕರೆಯ ಲೆಕ್ಕಕ್ಕೂ ದುಬಾರಿ ಕ್ಯಾಮೆರಾ ಬೇಕಿಲ್ಲ. ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರು. ಯೂರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರದಲ್ಲಿ ಒಂದು ಪಿಕ್ಸೆಲ್ 10 ಮೀಟರು ಉದ್ದಗಲದ ನೆಲವನ್ನು ತೋರಿಸುತ್ತದೆ. ಅಂದರೆ ಎಕರೆಗೆ ಸುಮಾರು 40 ಪಿಕ್ಸೆಲ್. ಈ ಚಿತ್ರಗಳು ಉಚಿತ. ನಮ್ಮ ರಿಸೋರ್ಸ್‌ಸ್ಯಾಟ್ ಉಪಗ್ರಹಗಳ ಲಿಸ್-3 ಸಂವೇದಕದ ಪಿಕ್ಸೆಲ್ 23.5 ಮೀಟರು, ಲಿಸ್-4ರದು 5.8 ಮೀಟರು. ಸಾವಿರಾರು ಎಕರೆಯ ಭತ್ತದ ಪ್ರದೇಶವನ್ನು ಎಣಿಸಲು ಇಷ್ಟು ಸಾಕು. ಆದರೆ ಕಾರ್ಖಾನೆಯೊಂದರ ಚರಂಡಿ ನದಿಗೆ ಸೇರುವ ಜಾಗವನ್ನು ನೋಡಲು ಇದು ಸಾಲದು. ಅಲ್ಲಿಗೆ ವಿಮಾನ ಅಥವಾ ಡ್ರೋನ್ ಬೇಕಾಗುತ್ತದೆ.

ಪಿಕ್ಸೆಲ್ ಲೆಕ್ಕ: ಸ್ಪಷ್ಟತೆ ಹೆಚ್ಚಿದಂತೆ ಖರ್ಚೂ ಹೆಚ್ಚು

ಚಿತ್ರದ ಒಂದು ಪಿಕ್ಸೆಲ್ ನೆಲದ ಮೇಲೆ ಎಷ್ಟು ಅಗಲವನ್ನು ಆವರಿಸುತ್ತದೆ ಎಂಬುದನ್ನು ತಿಳಿಯಲು ಸರಳ ಸೂತ್ರವಿದೆ. ಹಾರಾಟದ ಎತ್ತರವನ್ನು ಸಂವೇದಕದ ಪಿಕ್ಸೆಲ್ ಗಾತ್ರದಿಂದ ಗುಣಿಸಿ, ಮಸೂರದ ನಾಭಿದೂರದಿಂದ ಭಾಗಿಸಬೇಕು.

ಸಾಮಾನ್ಯ ಬಣ್ಣದ ಕ್ಯಾಮೆರಾವೊಂದನ್ನು ತೆಗೆದುಕೊಳ್ಳೋಣ. ಪಿಕ್ಸೆಲ್ ಗಾತ್ರ 2.4 ಮೈಕ್ರಾನ್, ನಾಭಿದೂರ 8.8 ಮಿ.ಮೀ., ಅಡ್ಡಸಾಲಿನಲ್ಲಿ 5,472 ಪಿಕ್ಸೆಲ್. 120 ಮೀಟರು ಎತ್ತರದಲ್ಲಿ ಒಂದು ಪಿಕ್ಸೆಲ್ ಸುಮಾರು 3.3 ಸೆಂ.ಮೀ. ನೆಲವನ್ನೂ, ಇಡೀ ಚಿತ್ರವು ಸುಮಾರು 179 ಮೀಟರು ಅಗಲವನ್ನೂ ಆವರಿಸುತ್ತದೆ. ಈಗ ಉಷ್ಣ ಕ್ಯಾಮೆರಾವೊಂದನ್ನು ನೋಡೋಣ. ಪಿಕ್ಸೆಲ್ 12 ಮೈಕ್ರಾನ್, ನಾಭಿದೂರ 13.5 ಮಿ.ಮೀ., ಅಡ್ಡಸಾಲಿನಲ್ಲಿ 640 ಪಿಕ್ಸೆಲ್. ಅದೇ ಎತ್ತರದಲ್ಲಿ ಪಿಕ್ಸೆಲ್ಲಿಗೆ ಸುಮಾರು 10.7 ಸೆಂ.ಮೀ., ಚಿತ್ರದ ಅಗಲ ಸುಮಾರು 68 ಮೀಟರು ಮಾತ್ರ.

ಪಕ್ಕಪಕ್ಕದ ಹಾರಾಟದ ಸಾಲುಗಳು ಒಂದರ ಮೇಲೊಂದು ಶೇ. 70ರಷ್ಟು ಹಾಯ್ದಿರಬೇಕು ಎಂದಿಟ್ಟುಕೊಂಡರೆ, 1 ಕಿ.ಮೀ. ಅಗಲದ ಪ್ರದೇಶಕ್ಕೆ ಬಣ್ಣದ ಕ್ಯಾಮೆರಾಕ್ಕೆ ಸುಮಾರು 19 ಸಾಲುಗಳು, ಉಷ್ಣ ಕ್ಯಾಮೆರಾಕ್ಕೆ ಸುಮಾರು 49 ಸಾಲುಗಳು ಬೇಕಾಗುತ್ತವೆ. ಬ್ಯಾಟರಿ, ಸಮಯ, ಕೂಲಿ ಎಲ್ಲವೂ ಅದೇ ಪ್ರಮಾಣದಲ್ಲಿ ಏರುತ್ತವೆ. ಎತ್ತರವನ್ನು ಅರ್ಧಕ್ಕಿಳಿಸಿದರೆ ಪಿಕ್ಸೆಲ್ ಅರ್ಧವಾಗುತ್ತದೆ, ಆದರೆ ಸಾಲುಗಳು ಇಮ್ಮಡಿಯಾಗುತ್ತವೆ. ಆದ್ದರಿಂದ ಎಷ್ಟು ಸಣ್ಣ ವಸ್ತುವನ್ನು ಗುರುತಿಸಬೇಕು ಎಂಬುದನ್ನು ಮೊದಲು ನಿಶ್ಚಯಿಸಿ, ಅದಕ್ಕಿಂತ ಹೆಚ್ಚಿನ ಸ್ಪಷ್ಟತೆಗೆ ಹಣ ಕೊಡದಿರುವುದು ಜಾಣತನ.

ಆರು ಬಗೆಯ ಸಂವೇದಕಗಳು

1. ಬಣ್ಣದ ಕ್ಯಾಮೆರಾ: ಮನುಷ್ಯನ ಕಣ್ಣು ನೋಡುವುದನ್ನೇ ಇದು ನೋಡುತ್ತದೆ. ಹದ್ದುಬಸ್ತು, ಒತ್ತುವರಿ, ಒಡೆದ ಒಡ್ಡು, ತೆರೆದ ಚರಂಡಿ, ತ್ಯಾಜ್ಯದ ಗುಡ್ಡೆ ಇವುಗಳಿಗೆ ಇದೇ ಸಾಕು. ಕೇಂದ್ರ ಸರ್ಕಾರವು 2020ರ ಏಪ್ರಿಲಿನಲ್ಲಿ ಆರಂಭಿಸಿದ ಸ್ವಾಮಿತ್ವ ಯೋಜನೆಯಡಿ ಗ್ರಾಮಠಾಣಾ ಆಸ್ತಿಗಳನ್ನು ನಕ್ಷೆಗೆ ತಂದದ್ದು ಡ್ರೋನಿಗೆ ಅಳವಡಿಸಿದ ಇಂತಹ ಕ್ಯಾಮೆರಾಗಳಿಂದಲೇ. ಪ್ರಾಯೋಗಿಕ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿತ್ತು. ಆದರೆ ನೀರು ಕಪ್ಪಾಗಿ ಕಂಡ ಮಾತ್ರಕ್ಕೆ ಅದು ಮಲಿನವೆಂದು ಈ ಚಿತ್ರ ಸಾಬೀತುಪಡಿಸದು. ಹೂಳು, ಪಾಚಿ, ಮರದ ನೆರಳು, ನದಿಯ ಆಳ ಇವೆಲ್ಲವೂ ಬಣ್ಣವನ್ನು ಬದಲಿಸುತ್ತವೆ.

2. ಮಲ್ಟಿಸ್ಪೆಕ್ಟ್ರಲ್ ಕ್ಯಾಮೆರಾ: ಕಣ್ಣಿಗೆ ಕಾಣದ ಸಮೀಪ ಅವಕೆಂಪು ಕಿರಣವೂ ಸೇರಿದಂತೆ ನಾಲ್ಕಾರು ಪಟ್ಟಿಗಳಲ್ಲಿ ಬೆಳಕನ್ನು ಬೇರ್ಪಡಿಸಿ ದಾಖಲಿಸುತ್ತದೆ. ಆರೋಗ್ಯವಂತ ಎಲೆಯು ಕೆಂಪು ಬೆಳಕನ್ನು ಹೀರಿ, ಅವಕೆಂಪನ್ನು ಹೆಚ್ಚಾಗಿ ಹಿಂದಿರುಗಿಸುತ್ತದೆ. ಇವೆರಡರ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿದರೆ ದೊರೆಯುವುದೇ ಸಸ್ಯ ಸೂಚ್ಯಂಕ. ಅವಕೆಂಪು 0.45, ಕೆಂಪು 0.05 ಇದ್ದರೆ ಸೂಚ್ಯಂಕ 0.80, ಅವಕೆಂಪು 0.30, ಕೆಂಪು 0.15 ಇದ್ದರೆ 0.33. ಕಾರ್ಖಾನೆಯ ಸಂಸ್ಕರಿತ ನೀರು ಹರಿಯುವ ಜಮೀನಿನ ಬೆಳೆ ಸೊರಗಿದೆಯೇ ಎಂಬ ದೂರು ಬಂದಾಗ ಇದು ಉಪಯುಕ್ತ. ಆದರೆ ಬೆಳೆ ಸೊರಗಿದೆ ಎಂದಷ್ಟೇ ಇದು ಹೇಳುತ್ತದೆ. ಏಕೆ ಸೊರಗಿದೆ ಎಂದು ಹೇಳದು. ನಂಜನಗೂಡಿನ ರಸಬಾಳೆಯ ತೋಟವೊಂದು ಹಳದಿಗೆ ತಿರುಗಿದರೆ ಕಾರಣ ಕಾರ್ಖಾನೆಯ ನೀರೋ, ಬಾಳೆಯನ್ನು ಬಹುಕಾಲದಿಂದ ಕಾಡುತ್ತಿರುವ ಪನಾಮಾ ಸೊರಗು ರೋಗವೋ ಎಂಬುದನ್ನು ಮಣ್ಣು ಮತ್ತು ಗಿಡದ ಪರೀಕ್ಷೆಯೇ ತೀರ್ಮಾನಿಸಬೇಕು.

3. ಉಷ್ಣ ಕ್ಯಾಮೆರಾ: ವಸ್ತುಗಳು ಹೊರಸೂಸುವ ಶಾಖವನ್ನು ಗ್ರಹಿಸುತ್ತದೆ. ಬೆಚ್ಚಗಿನ ತ್ಯಾಜ್ಯ ನೀರು ತಣ್ಣನೆಯ ನದಿಗೆ ಸೇರುವ ಸ್ಥಳವನ್ನು ಸೂರ್ಯೋದಯದ ಆಸುಪಾಸಿನಲ್ಲಿ ಚೆನ್ನಾಗಿ ಗುರುತಿಸಬಹುದು. ರಾತ್ರಿ ವೇಳೆ ನಡೆಯುವ ಮರಳು ಸಾಗಣೆಯ ಮೇಲೆ ಕಣ್ಣಿಡಲು ಡ್ರೋನ್ ಬಳಕೆಯನ್ನು ಕೇಂದ್ರ ಪರಿಸರ ಸಚಿವಾಲಯದ 2020ರ ಮರಳು ಗಣಿಗಾರಿಕೆ ಮಾರ್ಗಸೂಚಿಯು ಹೇಳಿದೆ. ಅಲ್ಲಿ ಉಪಯೋಗಕ್ಕೆ ಬರುವುದೂ ಇದೇ ಬಗೆಯ ಕ್ಯಾಮೆರಾ. ಆದರೆ ಇದು ನೀರಿನ ಮೇಲ್ಪದರವನ್ನಷ್ಟೇ ನೋಡುತ್ತದೆ, ಒಳಗಿಣುಕದು. ಹೊಳೆಯುವ ಲೋಹದ ತಗಡುಗಳು ಆಕಾಶವನ್ನು ಪ್ರತಿಫಲಿಸಿ, ಇರುವುದಕ್ಕಿಂತ ತಣ್ಣಗಿರುವಂತೆ ತೋರುತ್ತವೆ.

4. ಹೈಪರ್‌ಸ್ಪೆಕ್ಟ್ರಲ್ ಸಂವೇದಕ: ಬೆಳಕನ್ನು ನೂರಾರು ಕಿರಿದಾದ ಪಟ್ಟಿಗಳಾಗಿ ವಿಂಗಡಿಸುತ್ತದೆ. ಖನಿಜ, ಸಸ್ಯಜಾತಿ, ಕೆಲವು ಅನಿಲಗಳನ್ನು ಅವುಗಳ ಬೆಳಕಿನ ಗುರುತಿನಿಂದಲೇ ಪತ್ತೆಹಚ್ಚಬಲ್ಲದು. ಇಸ್ರೋ ಮತ್ತು ಅಮೆರಿಕದ ನಾಸಾ ಸಂಸ್ಥೆಗಳು 2015ರ ಡಿಸೆಂಬರಿನಿಂದ 2016ರ ಮಾರ್ಚ್‌ವರೆಗೆ ಭಾರತದ ಹಲವು ತಾಣಗಳ ಮೇಲೆ ಇಸ್ರೋದ ವಿಮಾನದಲ್ಲಿ ಅವಿರಿಸ್-ಎನ್‌ಜಿ ಎಂಬ ಇಂತಹ ಉಪಕರಣವನ್ನು ಹಾರಿಸಿದವು. ಅದು 380ರಿಂದ 2,510 ನ್ಯಾನೋಮೀಟರಿನವರೆಗೆ ಸುಮಾರು 5 ನ್ಯಾನೋಮೀಟರಿಗೊಂದರಂತೆ ಬೆಳಕನ್ನು ದಾಖಲಿಸುತ್ತದೆ. ಇದರ ಉಪಕರಣವೂ, ಅದರ ದತ್ತಾಂಶವನ್ನು ವಿಶ್ಲೇಷಿಸುವ ಪರಿಣತಿಯೂ ದುಬಾರಿ. ಒಂದು ಸಣ್ಣ ಘಟಕವು ಒಂಟಿಯಾಗಿ ಇದಕ್ಕೆ ಕೈಹಾಕುವ ಅಗತ್ಯವಿಲ್ಲ.

5. ಲೈಡಾರ್: ಲೇಸರ್ ಕಿರಣ ಹೋಗಿ ಬರುವ ಸಮಯದಿಂದ ಎತ್ತರವನ್ನು ಅಳೆಯುತ್ತದೆ. ಮರಗಳ ಸಂದಿಯಿಂದ ನೆಲವನ್ನು ಮುಟ್ಟಬಲ್ಲದು ಎಂಬುದೇ ಇದರ ಹೆಚ್ಚುಗಾರಿಕೆ. ಡ್ರೋನ್ ಲೈಡಾರ್‌ಗಳಲ್ಲಿ ಹೆಚ್ಚಿನವು ಅವಕೆಂಪು ಕಿರಣವನ್ನು ಬಳಸುವುದರಿಂದ ಅದು ನೀರಿನಲ್ಲಿ ಹೀರಿಹೋಗುತ್ತದೆ. ನದಿಯ ತಳವನ್ನು ಅಳೆಯಲು ಹಸಿರು ಲೇಸರ್ ಇರುವ ಪ್ರತ್ಯೇಕ ಉಪಕರಣ ಬೇಕು. ಕೆಸರು ನೀರಿನಲ್ಲಿ ಅದೂ ಸೋಲುತ್ತದೆ. ಗಿಡಗಂಟಿಗಳಿಲ್ಲದ ಬೂದಿಯ ಅಥವಾ ಜಲ್ಲಿಯ ಗುಡ್ಡೆಯನ್ನು ಅಳೆಯಲು ಲೈಡಾರ್ ಬೇಕಿಲ್ಲ. ಹಲವು ಕೋನಗಳಿಂದ ತೆಗೆದ ಬಣ್ಣದ ಚಿತ್ರಗಳನ್ನು ಜೋಡಿಸಿಯೇ ಗಾತ್ರವನ್ನು ಲೆಕ್ಕಹಾಕಬಹುದು.

6. ರೇಡಾರ್: ತಾನೇ ಸೂಕ್ಷ್ಮತರಂಗ ಕಳುಹಿಸಿ ಅದರ ಮರುದನಿಯಿಂದ ಚಿತ್ರ ಕಟ್ಟುತ್ತದೆ. ಮೋಡವಾಗಲಿ, ಕತ್ತಲೆಯಾಗಲಿ ಇದಕ್ಕೆ ಅಡ್ಡಿಯಲ್ಲ. 2018 ಮತ್ತು 2019ರ ಆಗಸ್ಟಿನಲ್ಲಿ ಕಬಿನಿ ಉಕ್ಕಿ ನಂಜನಗೂಡು ಜಲಾವೃತವಾದಂತಹ ದಿನಗಳಲ್ಲಿ ಬೆಳಕನ್ನೇ ನಂಬಿದ ಕ್ಯಾಮೆರಾಗಳಿಗೆ ಮೋಡದ ಮರೆಯೇ ತೊಡಕು. ರೇಡಾರ್ ಚಿತ್ರದಲ್ಲಿ ನಿಂತ ನೀರು ಕಪ್ಪಾಗಿ ಎದ್ದು ಕಾಣುತ್ತದೆ. ಇದಕ್ಕಾಗಿ ವಿಮಾನ ಹಾರಿಸಬೇಕಿಲ್ಲ. ಸೆಂಟಿನೆಲ್-1 ಉಪಗ್ರಹಗಳ ಚಿತ್ರಗಳು ಉಚಿತವಾಗಿ ಲಭ್ಯವಿವೆ. ಇಸ್ರೋ ಮತ್ತು ನಾಸಾ ಜಂಟಿಯಾಗಿ ನಿರ್ಮಿಸಿದ ನಿಸಾರ್ ರೇಡಾರ್ ಉಪಗ್ರಹವನ್ನು 2025ರ ಜುಲೈ 30ರಂದು ಶ್ರೀಹರಿಕೋಟದಿಂದ ಕಕ್ಷೆಗೆ ಕಳುಹಿಸಲಾಯಿತು.

ಸೂಕ್ಷ್ಮತೆ ಬೇರೆ, ನಿಖರತೆ ಬೇರೆ

ದರಪಟ್ಟಿಗಳನ್ನು ಓದುವಾಗ ಅತಿ ಹೆಚ್ಚು ಗೊಂದಲಕ್ಕೆ ಎಡೆಮಾಡುವ ಸಂಗತಿ ಇದು. ಪರಿಸರ ಸಂರಕ್ಷಣಾ ನಿಯಮಗಳು, 1986ರ ಸಾಮಾನ್ಯ ಮಾನದಂಡದಂತೆ ನದಿಗೆ ಬಿಡುವ ತ್ಯಾಜ್ಯ ನೀರಿನ ಉಷ್ಣತೆಯು ನದಿ ನೀರಿನ ಉಷ್ಣತೆಗಿಂತ 5 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿರಬಾರದು. ಡ್ರೋನಿನಲ್ಲಿ ಬಳಸುವ ಸಾಮಾನ್ಯ ಉಷ್ಣ ಕ್ಯಾಮೆರಾದ ಸೂಕ್ಷ್ಮತೆ 0.05 ಡಿಗ್ರಿ ಎಂದು ತಯಾರಕರು ದೊಡ್ಡ ಅಕ್ಷರಗಳಲ್ಲಿ ಅಚ್ಚುಹಾಕಿರುತ್ತಾರೆ. ಅಕ್ಕಪಕ್ಕದ ಎರಡು ಪಿಕ್ಸೆಲ್‌ಗಳ ನಡುವಿನ ಅಷ್ಟು ಸಣ್ಣ ವ್ಯತ್ಯಾಸವನ್ನು ಅದು ಗುರುತಿಸಬಲ್ಲದು ಎಂಬುದು ನಿಜ. ಆದರೆ ಅದು ತೋರುವ ಉಷ್ಣತೆಯ ನಿಖರತೆಯನ್ನು ಕೆಳಗಡೆ ಸಣ್ಣ ಅಕ್ಷರಗಳಲ್ಲಿ ಅಧಿಕ ಅಥವಾ ಕಡಿಮೆ 5 ಡಿಗ್ರಿ ಎಂದು ಬರೆದಿರುವುದೇ ಹೆಚ್ಚು. ಕಾನೂನಿನ ಮಿತಿ 5 ಡಿಗ್ರಿ, ಉಪಕರಣದ ದೋಷದ ಮಿತಿಯೂ 5 ಡಿಗ್ರಿ!

ಇದರ ಅರ್ಥ, ಉಷ್ಣ ಚಿತ್ರವು ನಿರುಪಯುಕ್ತವೆಂದಲ್ಲ. ಒಂದೇ ಚಿತ್ರದೊಳಗಿನ ಹೋಲಿಕೆಯು ಬಿಡಿ ಅಂಕಿಗಿಂತ ನಂಬಲರ್ಹ. ಶಾಖ ಎಲ್ಲಿ ಸೇರುತ್ತಿದೆ ಎಂಬುದನ್ನು ಚಿತ್ರ ತೋರಿಸುತ್ತದೆ. ಎಷ್ಟು ಎಂಬುದನ್ನು ಆ ಸ್ಥಳದಲ್ಲಿ ಅದೇ ಹೊತ್ತಿಗೆ ನೀರಿಗಿಳಿಸಿದ ಮಾನ್ಯ ಉಷ್ಣಮಾಪಕವೇ ಹೇಳಬೇಕು. ಇದೇ ಮಾತು ಬಿಒಡಿ ಮತ್ತು ಸಿಒಡಿಗೆ ಇನ್ನೂ ಬಲವಾಗಿ ಅನ್ವಯಿಸುತ್ತದೆ. ಸಾಮಾನ್ಯ ಮಾನದಂಡದಂತೆ ನದಿಗೆ ಬಿಡುವ ನೀರಿನ ಬಿಒಡಿ ಲೀಟರಿಗೆ 30 ಮಿಲಿಗ್ರಾಂ, ಸಿಒಡಿ 250 ಮಿಲಿಗ್ರಾಂ ಮೀರುವಂತಿಲ್ಲ. ಇವೆರಡೂ ಪ್ರಯೋಗಾಲಯದಲ್ಲಿ ಅಳೆಯುವ ಆಮ್ಲಜನಕದ ಬೇಡಿಕೆಗಳು. ಇವುಗಳಿಗೆ ತಮ್ಮದೇ ಆದ ಬಣ್ಣವಿಲ್ಲ. ಕ್ಯಾಮೆರಾದಿಂದ ಬಿಒಡಿ ಅಳೆದುಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ, ಅವರು ನೀರಿನ ಕದಡುವಿಕೆಯನ್ನೋ ಪಾಚಿಯನ್ನೋ ನೋಡಿ ಅಂದಾಜು ಕಟ್ಟುತ್ತಿದ್ದಾರೆ ಎಂದು ತಿಳಿಯಬೇಕು. ಅತಿ ಮಲಿನಕಾರಿ ಎಂದು ವರ್ಗೀಕರಿಸಿದ 17 ಬಗೆಯ ಕೈಗಾರಿಕೆಗಳಿಗೆ ಕೇಂದ್ರ ಮಂಡಳಿಯು 2014ರಲ್ಲಿ ಆನ್‌ಲೈನ್ ನಿರಂತರ ಮಾಪನ ಯಂತ್ರಗಳನ್ನು ಕೊಳವೆಯ ಬಾಯಲ್ಲೇ ಅಳವಡಿಸುವಂತೆ ನಿರ್ದೇಶಿಸಿತು. ಡ್ರೋನ್ ಚಿತ್ರವು ಆ ಯಂತ್ರಕ್ಕಾಗಲಿ, ಪ್ರಯೋಗಾಲಯದ ವರದಿಗಾಗಲಿ ಬದಲಿಯಲ್ಲ. ಮಾದರಿ ನೀರನ್ನು ಎಲ್ಲಿಂದ ತೆಗೆಯಬೇಕು ಎಂಬುದನ್ನು ತೋರಿಸುವ ಬೆರಳು ಅದು.

ದಾಸ್ತಾನಿನ ಅಳತೆಯಲ್ಲೂ ಇದೇ ಎಚ್ಚರ ಅಗತ್ಯ. 2,000 ಚದರ ಮೀಟರು ಹರಡಿದ ಕಲ್ಲಿದ್ದಲಿನ ಗುಡ್ಡೆಯ ಎತ್ತರದಲ್ಲಿ ಸರಾಸರಿ 5 ಸೆಂ.ಮೀ. ತಪ್ಪಾದರೆ 100 ಘನ ಮೀಟರು ವ್ಯತ್ಯಾಸ ಬರುತ್ತದೆ. ಘನ ಮೀಟರಿಗೆ 0.8 ಟನ್ ಎಂದು ಹಿಡಿದರೆ 80 ಟನ್. ಬ್ಯಾಂಕಿಗೆ ಸಲ್ಲಿಸುವ ದಾಸ್ತಾನು ಪಟ್ಟಿಯಲ್ಲಿ ಇದು ಸಣ್ಣ ಅಂಕಿಯಲ್ಲ. ಆದ್ದರಿಂದ ನೆಲದ ಮೇಲೆ ಗುರುತು ಮಾಡಿದ ನಿಯಂತ್ರಣ ಬಿಂದುಗಳಿಲ್ಲದ ಡ್ರೋನ್ ಅಳತೆಯನ್ನು ಲೆಕ್ಕಪರಿಶೋಧಕರು ಒಪ್ಪುವುದು ಕಷ್ಟ.

ಮುಕ್ತ ಆಕಾಶ ಒಪ್ಪಂದದ ಪಾಠ

ಪರಸ್ಪರ ನಂಬಿಕೆಯಿಲ್ಲದವರ ನಡುವೆ ಆಕಾಶದ ಚಿತ್ರವನ್ನು ಪುರಾವೆಯಾಗಿ ಒಪ್ಪಿಸುವುದು ಹೇಗೆ? ಈ ಪ್ರಶ್ನೆಗೆ ಜಗತ್ತಿನಲ್ಲಿ ಅತ್ಯಂತ ಕ್ರಮಬದ್ಧವಾದ ಉತ್ತರ ಕೊಟ್ಟದ್ದು ಮುಕ್ತ ಆಕಾಶ ಒಪ್ಪಂದ. 1992ರ ಮಾರ್ಚ್ 24ರಂದು ಹೆಲ್ಸಿಂಕಿಯಲ್ಲಿ ಸಹಿಯಾಗಿ, 2002ರ ಜನವರಿ 1ರಿಂದ ಜಾರಿಗೆ ಬಂದ ಈ ಒಪ್ಪಂದವು ಸದಸ್ಯ ರಾಷ್ಟ್ರಗಳು ಒಂದರ ನೆಲದ ಮೇಲೆ ಇನ್ನೊಂದು ನಿಶ್ಶಸ್ತ್ರ ವಿಮಾನ ಹಾರಿಸಿ ಚಿತ್ರ ತೆಗೆಯಲು ಅವಕಾಶ ಕೊಟ್ಟಿತು. ಭಾರತವು ಇದರ ಸದಸ್ಯನಲ್ಲ. ಅಮೆರಿಕವು 2020ರ ನವೆಂಬರಿನಲ್ಲಿಯೂ ರಷ್ಯಾವು 2021ರ ಡಿಸೆಂಬರಿನಲ್ಲಿಯೂ ಇದರಿಂದ ಹೊರನಡೆದವು. ಹಾಗಿದ್ದರೂ ಅದರ ವಿಧಾನದಿಂದ ನಾವು ಕಲಿಯಬೇಕಾದುದು ಸಾಕಷ್ಟಿದೆ.

ಒಪ್ಪಂದವು ನಾಲ್ಕು ಬಗೆಯ ಸಂವೇದಕಗಳನ್ನು ಮಾತ್ರ ಅಂಗೀಕರಿಸಿತು. ಛಾಯಾಚಿತ್ರ ಮತ್ತು ವಿಡಿಯೋ ಕ್ಯಾಮೆರಾಗಳಿಗೆ 30 ಸೆಂ.ಮೀ., ಅವಕೆಂಪು ಸಾಧನಕ್ಕೆ 50 ಸೆಂ.ಮೀ., ರೇಡಾರಿಗೆ 3 ಮೀಟರು ಎಂದು ಸ್ಪಷ್ಟತೆಗೆ ಮಿತಿ ಹಾಕಿತು. ಟ್ಯಾಂಕ್ ಯಾವುದು, ಲಾರಿ ಯಾವುದು ಎಂದು ಗುರುತಿಸಲು ಬೇಕಾದಷ್ಟು ಸ್ಪಷ್ಟತೆ ಇರಲಿ, ಅದಕ್ಕಿಂತ ಹೆಚ್ಚಿನ ರಹಸ್ಯ ಬಯಲಾಗದಿರಲಿ ಎಂಬುದು ಅದರ ಆಶಯ. ಸಂವೇದಕಗಳು ಎಲ್ಲ ಸದಸ್ಯರಿಗೂ ಮಾರುಕಟ್ಟೆಯಲ್ಲಿ ದೊರೆಯುವಂತಹವಾಗಿರಬೇಕಿತ್ತು. ಹಾರಾಟಕ್ಕೆ ಮುನ್ನವೇ ವಿಮಾನ ಮತ್ತು ಕ್ಯಾಮೆರಾಗಳನ್ನು ಎಲ್ಲರ ಎದುರು ಪರೀಕ್ಷಿಸಿ ಪ್ರಮಾಣೀಕರಿಸಲಾಗುತ್ತಿತ್ತು. ಹಾರಾಟದಲ್ಲಿ ಎರಡೂ ಕಡೆಯವರು ಕೂಡಿರುತ್ತಿದ್ದರು. ತೆಗೆದ ಚಿತ್ರಗಳು ಎಲ್ಲ ಸದಸ್ಯರಿಗೂ ಲಭ್ಯವಿದ್ದವು.

ನಮ್ಮ ಪರಿಸ್ಥಿತಿಗೆ ಇದನ್ನು ಅನ್ವಯಿಸಿ ನೋಡೋಣ. ಕೈಗಾರಿಕಾ ಪ್ರದೇಶದ ಘಟಕಗಳು ಒಂದು ಕಡೆ, ನದಿಯ ಕೆಳಗಿನ ಗ್ರಾಮಗಳ ರೈತರು ಇನ್ನೊಂದು ಕಡೆ, ನಡುವೆ ಮಂಡಳಿ. ಬೇಸಿಗೆಯಲ್ಲಿ ನದಿಯ ಹರಿವು ಇಳಿದಾಗ ವಿವಾದ ಹುಟ್ಟುತ್ತದೆ. ಆ ಹೊತ್ತಿಗೆ ಒಬ್ಬರು ತೆಗೆಸಿದ ಚಿತ್ರವನ್ನು ಇನ್ನೊಬ್ಬರು ಒಪ್ಪುವುದಿಲ್ಲ. ಶುದ್ಧವಾಗಿ ನಡೆಯುವ ಘಟಕವೂ ಪಕ್ಕದವನ ತಪ್ಪಿಗೆ ಉತ್ತರ ಹೇಳಬೇಕಾಗುತ್ತದೆ. ತಪ್ಪು ಮಾಡಿದವನು ಗುಂಪಿನಲ್ಲಿ ಮರೆಯಾಗುತ್ತಾನೆ. ಬೆಳೆ ಕಳೆದುಕೊಂಡ ರೈತನಿಗೆ ಪರಿಹಾರ ದೊರೆಯುವುದಿಲ್ಲ. ವಿವಾದ ಹುಟ್ಟುವ ಮೊದಲೇ ಯಾವ ಕ್ಯಾಮೆರಾ, ಯಾವ ಎತ್ತರ, ಯಾವ ತಿಂಗಳು, ಯಾರ ಸಮ್ಮುಖ, ಯಾವ ಪ್ರಯೋಗಾಲಯ ಎಂಬುದನ್ನು ಎಲ್ಲರೂ ಕೂಡಿ ಬರಹದಲ್ಲಿ ಒಪ್ಪಿಕೊಂಡಿದ್ದರೆ, ಚಿತ್ರವು ಯಾರ ವಿರುದ್ಧ ಬಂದರೂ ಅದನ್ನು ತಳ್ಳಿಹಾಕಲಾಗದು. ನೀರು ಸ್ವಚ್ಛವಾಗಿದ್ದ ಕಾಲದ ಮೂಲ ಚಿತ್ರವೂ ಕಡತದಲ್ಲಿರಬೇಕು. ಹೋಲಿಸಲು ಹಿಂದಿನ ಚಿತ್ರವಿಲ್ಲದಿದ್ದರೆ ಇಂದಿನ ಚಿತ್ರಕ್ಕೆ ಅರ್ಥವಿಲ್ಲ.

ಕಾನೂನಿನ ಕಟ್ಟುಪಾಡುಗಳು

ಡ್ರೋನ್ ನಿಯಮಗಳು, 2021 ಅದೇ ವರ್ಷದ ಆಗಸ್ಟ್ 25ರಂದು ಪ್ರಕಟವಾದವು. ಹಸಿರು ವಲಯದಲ್ಲಿ 400 ಅಡಿಯವರೆಗೆ ಪೂರ್ವಾನುಮತಿಯಿಲ್ಲದೆ ಹಾರಿಸಬಹುದು. ವಿಮಾನ ನಿಲ್ದಾಣದ ಪರಿಧಿಯಿಂದ 8ರಿಂದ 12 ಕಿ.ಮೀ. ಅಂತರದಲ್ಲಿ ಈ ಮಿತಿ 200 ಅಡಿ. ಅದಕ್ಕಿಂತ ಸಮೀಪದಲ್ಲಿ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ಮೈಸೂರು ವಿಮಾನ ನಿಲ್ದಾಣವು ಮಂಡಕಳ್ಳಿಯಲ್ಲಿ, ನಂಜನಗೂಡು ರಸ್ತೆಯಲ್ಲಿಯೇ ಇರುವುದರಿಂದ ಕಡಕೊಳ, ತಾಂಡವಪುರ ಮೊದಲಾದ ಕಡೆಯ ಸದಸ್ಯರು ಅಧಿಕೃತ ವಾಯುಪ್ರದೇಶ ನಕ್ಷೆಯಲ್ಲಿ ತಮ್ಮ ನಿವೇಶನದ ವಲಯವನ್ನು ಮೊದಲು ನೋಡಿಕೊಳ್ಳಬೇಕು. 400 ಅಡಿಯ ಲೆಕ್ಕದಲ್ಲಿ ಕೊಟ್ಟ ದರವು 200 ಅಡಿಗೆ ಇಳಿದಾಗ ಸಾಲುಗಳ ಸಂಖ್ಯೆಯೊಂದಿಗೆ ಇಮ್ಮಡಿಯಾಗಬಹುದು. ಡ್ರೋನಿಗೆ ವಿಶಿಷ್ಟ ಗುರುತು ಸಂಖ್ಯೆ, ಚಾಲಕನಿಗೆ ದೂರಚಾಲಕ ಪ್ರಮಾಣಪತ್ರ, ಮೂರನೆಯ ವ್ಯಕ್ತಿಯ ವಿಮೆ ಇವುಗಳ ಪ್ರತಿಗಳನ್ನು ಕೇಳಿ ಪಡೆಯಬೇಕು. ವಿದೇಶದಲ್ಲಿ ತಯಾರಾದ ಡ್ರೋನುಗಳ ಆಮದನ್ನು ಕೆಲವು ವಿನಾಯಿತಿಗಳ ಹೊರತು 2022ರ ಫೆಬ್ರವರಿಯಲ್ಲಿ ನಿಷೇಧಿಸಲಾಯಿತು.

ನಕ್ಷೆಯ ದತ್ತಾಂಶಕ್ಕೂ ನಿಯಮವಿದೆ. 2021ರ ಫೆಬ್ರವರಿ 15ರ ಮಾರ್ಗಸೂಚಿಯಂತೆ ಅಡ್ಡಳತೆಯಲ್ಲಿ 1 ಮೀಟರು, ಎತ್ತರದಲ್ಲಿ 3 ಮೀಟರಿಗಿಂತ ನಿಖರವಾದ ದತ್ತಾಂಶವನ್ನು ಭಾರತೀಯ ಸಂಸ್ಥೆಗಳೇ ಸಿದ್ಧಪಡಿಸಬೇಕು, ಅದನ್ನು ದೇಶದೊಳಗೇ ಸಂಗ್ರಹಿಸಿ ಸಂಸ್ಕರಿಸಬೇಕು. ಡ್ರೋನ್ ಚಿತ್ರಗಳು ಸಾಮಾನ್ಯವಾಗಿ ಈ ಮಿತಿಗಿಂತ ನಿಖರವಾಗಿರುವುದರಿಂದ, ಸಮೀಕ್ಷಕರು ಬಳಸುವ ತಂತ್ರಾಂಶದ ಸರ್ವರ್ ಯಾವ ದೇಶದಲ್ಲಿದೆ ಎಂದು ಕೇಳುವುದು ನಮ್ಮ ಹಕ್ಕು.

ಚಿತ್ರವು ಸಾಕ್ಷ್ಯವಾಗಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೆಯ ಕಲಮಿನ ಪ್ರಮಾಣಪತ್ರ ಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಈ ಕಲಮು ಹಳೆಯ ಕಾಯಿದೆಯ 65ಬಿ ಕಲಮಿನ ಸ್ಥಾನದಲ್ಲಿ ಬಂದಿದೆ. ಪ್ರಮಾಣಪತ್ರದ ನಮೂನೆಯಲ್ಲಿ ಕಡತದ ಹ್ಯಾಶ್ ಮೌಲ್ಯವನ್ನು ನಮೂದಿಸಬೇಕಾಗಿದೆ. ಸಂಸ್ಕರಿಸಿದ ನಕ್ಷೆಯನ್ನಷ್ಟೇ ಪಡೆದು ಮೂಲ ಚಿತ್ರಗಳನ್ನು ಸಮೀಕ್ಷಕರ ಬಳಿಯೇ ಬಿಟ್ಟರೆ ಮುಂದೆ ಈ ಪ್ರಮಾಣಪತ್ರವನ್ನು ಪಡೆಯುವುದು ಕಷ್ಟವಾಗುತ್ತದೆ.

ಕೊಳ್ಳುವುದೋ, ಗುತ್ತಿಗೆಗೆ ಕೊಡುವುದೋ?

ಲೆಕ್ಕದ ಕ್ರಮವನ್ನು ತೋರಿಸಲು ಊಹೆಯ ಅಂಕಿಗಳನ್ನು ತೆಗೆದುಕೊಳ್ಳೋಣ. ಇವು ಮಾರುಕಟ್ಟೆಯ ದರಗಳಲ್ಲ. ಡ್ರೋನ್ ಮತ್ತು ಕ್ಯಾಮೆರಾದ ಬೆಲೆ ರೂ. 12 ಲಕ್ಷ, ಬಾಳಿಕೆ 4 ವರ್ಷ ಎಂದರೆ ವರ್ಷಕ್ಕೆ ರೂ. 3 ಲಕ್ಷ. ಚಾಲಕ, ವಿಮೆ, ತಂತ್ರಾಂಶ, ದುರಸ್ತಿ ಸೇರಿ ಇನ್ನೂ ರೂ. 3 ಲಕ್ಷ. ಒಟ್ಟು ರೂ. 6 ಲಕ್ಷ. ಹೊರಗಿನವರು ಒಂದು ಸಮೀಕ್ಷೆಗೆ ರೂ. 60,000 ಕೇಳಿದರೆ, ವರ್ಷಕ್ಕೆ 10 ಸಮೀಕ್ಷೆಗಳಿಗಿಂತ ಕಡಿಮೆ ಇರುವವರು ಕೊಳ್ಳುವುದು ನಷ್ಟ. ವರ್ಷಕ್ಕೆ ಎರಡು ಮೂರು ಬಾರಿ ಮಾತ್ರ ಬೇಕಾಗುವ ಘಟಕಗಳಿಗೆ ಜಂಟಿ ಗುತ್ತಿಗೆಯೇ ಲಾಭದಾಯಕ.

ತೆರಿಗೆಯ ಅಂಶವನ್ನೂ ಗಮನಿಸಬೇಕು. 2025ರ ಸೆಪ್ಟೆಂಬರ್ 22ರಿಂದ ಡ್ರೋನುಗಳ ಮೇಲೆ, ಕ್ಯಾಮೆರಾ ಅದರಲ್ಲೇ ಅಡಕವಾಗಿದ್ದರೂ ಬೇರೆಯಾಗಿದ್ದರೂ, ಏಕರೂಪವಾಗಿ ಶೇ. 5ರ ಜಿಎಸ್‌ಟಿ ಅನ್ವಯವಾಗಿದೆ. ಡ್ರೋನ್ ನಿಯಮಗಳು ಡ್ರೋನನ್ನು ವಿಮಾನದ ಒಂದು ಬಗೆಯೆಂದೇ ವ್ಯಾಖ್ಯಾನಿಸುತ್ತವೆ. ಕೇಂದ್ರ ಜಿಎಸ್‌ಟಿ ಕಾಯಿದೆಯ 17(5) ಕಲಮು ವಿಮಾನಗಳ ಮೇಲಿನ ಹೂಡುವಳಿ ತೆರಿಗೆ ಜಮೆಯನ್ನು ಕೆಲವು ಸಂದರ್ಭಗಳ ಹೊರತು ನಿರ್ಬಂಧಿಸುತ್ತದೆ. ಆದ್ದರಿಂದ ಸ್ವಂತಕ್ಕೆ ಕೊಂಡ ಡ್ರೋನಿನ ಜಮೆಯ ಬಗ್ಗೆ ಆಕ್ಷೇಪಣೆ ಏಳುವ ಸಂಭವವಿದೆ. ಅದೇ ಕಲಮು ವಿಮಾನವನ್ನು ಬಾಡಿಗೆಗೆ ಪಡೆಯುವುದನ್ನೂ ಒಳಗೊಂಡಿರುವುದರಿಂದ, ಗುತ್ತಿಗೆ ಪತ್ರದಲ್ಲಿ ಡ್ರೋನ್ ಬಾಡಿಗೆ ಎಂದು ಬರೆಯದೆ ಸಮೀಕ್ಷೆ ನಡೆಸಿ ವರದಿ ಒದಗಿಸುವ ಸೇವೆ ಎಂದು ನಿಜಸ್ಥಿತಿಗೆ ತಕ್ಕಂತೆ ಬರೆಯುವುದು ಕ್ಷೇಮ.

ಕಾರ್ಯಾದೇಶದಲ್ಲಿ ಇರಬೇಕಾದ ಅಂಶಗಳು

1. ಉತ್ತರ ಬೇಕಾದ ಪ್ರಶ್ನೆ, ಒಂದೇ ವಾಕ್ಯದಲ್ಲಿ.
2. ನೆಲದ ಮೇಲಿನ ಪಿಕ್ಸೆಲ್ ಅಳತೆ, ಹಾರಾಟದ ಎತ್ತರ ಮತ್ತು ಚಿತ್ರಗಳ ಹಾಯ್ದಿಕೆಯ ಪ್ರಮಾಣ.
3. ಸಂವೇದಕದ ಸೂಕ್ಷ್ಮತೆ ಮತ್ತು ನಿಖರತೆ, ಎರಡೂ ಪ್ರತ್ಯೇಕವಾಗಿ. ಜೊತೆಗೆ ಮಾಪನಾಂಕ ಪ್ರಮಾಣಪತ್ರ.
4. ಹಾರಾಟದ ಹೊತ್ತಿಗೇ ಮಾದರಿ ನೀರು ತೆಗೆಯುವ ಸ್ಥಳಗಳು ಮತ್ತು ಮಾನ್ಯತೆ ಪಡೆದ ಪ್ರಯೋಗಾಲಯದ ಹೆಸರು.
5. ಘಟಕದ ಮೇಲ್ಭಾಗದ ಮತ್ತು ಕೆಳಭಾಗದ ನದಿ ಎರಡರ ಚಿತ್ರವೂ. ಮೇಲಿನಿಂದಲೇ ಬಂದ ಮಾಲಿನ್ಯವನ್ನು ಬೇರ್ಪಡಿಸಲು ಇದು ಅನಿವಾರ್ಯ.
6. ಮೂಲ ಚಿತ್ರಗಳು, ಹ್ಯಾಶ್ ಮೌಲ್ಯ ಮತ್ತು ಸಾಕ್ಷ್ಯ ಪ್ರಮಾಣಪತ್ರದ ಹಸ್ತಾಂತರ; ಅದಾಗುವವರೆಗೆ ಕೊನೆಯ ಕಂತಿನ ತಡೆ.

ಪರಿಸರ ಸಂರಕ್ಷಣಾ ಕಾಯಿದೆಯಡಿಯ ಸೆರೆವಾಸದ ಶಿಕ್ಷೆಯನ್ನು ಜನ ವಿಶ್ವಾಸ ಕಾಯಿದೆ, 2023 ತೆಗೆದುಹಾಕಿ, 2024ರ ಏಪ್ರಿಲ್ 1ರಿಂದ ರೂ. 10,000ದಿಂದ ರೂ. 15 ಲಕ್ಷದವರೆಗಿನ ದಂಡವನ್ನು ವಿಧಿಸಿದೆ. ದಂಡದ ಮೊತ್ತವನ್ನು ನಿರ್ಧರಿಸುವ ಅಧಿಕಾರಿಯ ಮುಂದೆ ಬಾಯಿಮಾತಿಗಿಂತ ಕಡತದಲ್ಲಿರುವ ದಾಖಲೆಗೆ ಹೆಚ್ಚಿನ ಬೆಲೆ. ಬರುವ ಬೇಸಿಗೆಗೆ ಮೊದಲು ಪ್ರತಿ ಕೈಗಾರಿಕಾ ಪ್ರದೇಶದ ಸದಸ್ಯರು ಸಭೆ ಸೇರಿ, ಒಂದು ಬಣ್ಣದ ಹಾಗೂ ಒಂದು ಉಷ್ಣ ಸಮೀಕ್ಷೆಯನ್ನು ನೀರಿನ ಮಾದರಿ ಪರೀಕ್ಷೆಯೊಂದಿಗೆ ಜಂಟಿಯಾಗಿ ಮಾಡಿಸುವುದು ಮೊದಲ ಹೆಜ್ಜೆಯಾಗಬಹುದು. ನದಿಯ ಕೆಳಭಾಗದ ಗ್ರಾಮ ಪಂಚಾಯಿತಿಗಳ ಪ್ರತಿನಿಧಿಗಳನ್ನೂ ಮಂಡಳಿಯ ಪ್ರಾದೇಶಿಕ ಅಧಿಕಾರಿಗಳನ್ನೂ ಆ ಹಾರಾಟಕ್ಕೆ ಆಹ್ವಾನಿಸಿ, ವರದಿಯ ಪ್ರತಿಯನ್ನು ಅವರಿಗೂ ಅಂದೇ ಕೊಡುವುದು ಉಚಿತ.